ತಣ್ಣಗಾಗದ ಫ್ರಿಜ್ಜು

ಗ್ರಾಹಕರ ದೂರು ಕೇಂದ್ರದಲ್ಲಿ ಇವತ್ತು ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ತಾಯಿ ಮತ್ತು ಮಗಳು ಕುಳಿತಿದ್ದರು. ನಾನು ಓದುತ್ತಿರುವವಳಂತೆ ತಲೆ ತಗ್ಗಿಸಿಕೊಂಡೇ ಇದ್ದೆ.

“ಹೊಸ ಫ್ರಿಜ್ಜಂತೆ! ನಮ್ಮ ಬಟ್ಟೆ ಬೀರುನೇ ಅದಕ್ಕಿಂತ ತಂಪಾಗಿದೆ.”

“ಮೆಲ್ಲಗೆ ಮಾತಾಡೇ.”

“ಅಪ್ಪನ ಇನ್ಸುಲಿನ್ ಕೆಟ್ಟೋಯ್ತಲ್ಲ, ಅದಕ್ಕೂ ಮೆಲ್ಲಗಾ? ಕೆಟ್ಟ ಮಾಲು ಕೊಟ್ರೆ ಬದಲಾಯಿಸಿ ಕೊಡ್ಬೇಕಮ್ಮ. ಕಾನೂನಿದೆ.”

“ಕಾನೂನು ಅಂಗಡಿಯವರನ್ನ ಕೇಳುತ್ತೆ. ಅಂಗಡಿಯವರು ಅಳಿಯಂದಿರನ್ನ ಕೇಳ್ತಾರೆ, ಮಾರಿದ್ದು ಅವರೇ ತಾನೆ? ಅವರು ಮನೆಗೆ ಹೋಗಿ ನಿಮ್ಮಕ್ಕನ್ನ ಕೇಳ್ತಾರೆ.”

“ಹಾಗಾದ್ರೆ ಭಾವ ಕೆಲಸ ಮಾಡೋ ಅಂಗಡೀಲೇ ಯಾಕೆ ತಗೊಂಡ್ರಿ?”

“ಬೇರೆ ಕಡೆ ತಗೊಂಡಿದ್ರೆ ಅದಕ್ಕೂ ಮುನಿಸ್ಕೊಳ್ತಿದ್ರು.”

ಕಿಟಕಿಯಿಂದ ಅವರ ಸಂಖ್ಯೆ ಕೂಗಿದರು. ಮಗಳು ಎದ್ದಳು. ತಾಯಿ ಅವಳ ಕೈ ಬಿಡಲಿಲ್ಲ.

“ಮೊದಲು ನಿಮ್ಮಕ್ಕನ್ನ ಒಂದು ಮಾತು ಕೇಳೋಣ.”

“ಅಮ್ಮ, ಇಲ್ಲಿಗೆ ಹೋಗಿ ಅಂದಿದ್ದೇ ಅಕ್ಕ.”

ತಾಯಿ ಸೆರಗು ಸರಿಮಾಡಿಕೊಂಡು ಎದ್ದರು.

“ಅವಳು ಹಾಗೇ ಅಂತಾಳೆ. ಆಮೇಲೆ ಆ ಮನೇಲಿ ಅನುಭವಿಸೋಳೂ ಅವಳೇ. ನಡಿ.”

ಸಂಖ್ಯೆಯನ್ನು ಮತ್ತೊಮ್ಮೆ ಕೂಗಿದರು. ಇಬ್ಬರೂ ಆಗಲೇ ಬಾಗಿಲ ಬಳಿ ಇದ್ದರು.

“ದಾರೀಲಿ ಐಸ್ ತಗೊಳ್ಳೋಣ,” ಎಂದರು ತಾಯಿ. “ಅಪ್ಪನ ಔಷಧಿಗೆ.”