ಕಾಲರಿನೊಳಗಿನ ಮಿಸ್ಟರ್

ಬ್ರಿಡ್ಜ್‌ಟೌನಿನ ಟ್ರಾಂ ನಿಲ್ಲುವ ಕಡೆ ಹಾರುಮೀನು ಸೀಳುತ್ತ ಕೂತಿದ್ದ ಡ್ರೂಸಿಲಾಳ ಕಿವಿ ಅಲ್ಲಿ ಟ್ರಾಂಗೆ ಕಾಯುತ್ತಿದ್ದ ಗಂಡಹೆಂಡಿರ ಜಗಳದ ಮೇಲೆಯೇ ಇತ್ತು. ಅವನ ಕೈಯಲ್ಲಿ ಪೆಟ್ಟಿಗೆ, ಅವಳ ಕೈಯಲ್ಲಿ ಪತ್ರಿಕೆ.

“ನೋಡಿಲ್ಲಿ ಜೊಸಾಯ, ಇಂಗ್ಲೆಂಡಿಗೆ ಹೋಗೋ ಕ್ರಿಕೆಟ್ ತಂಡದಲ್ಲಿ ಎಲ್ರಿಗೂ ಮಿಸ್ಟರ್ ಅಂತ ಹಾಕವ್ರೆ. ನಿಂಗೆ ಮಾತ್ರ ಬರೀ ಬ್ಯಾಸ್ಕಮ್.”

“ಅದು ಪದ್ಧತಿ ಕಣೆ. ಅವ್ರು ಶೋಕಿಗೆ ಆಡೋ ದೊರೆಗಳು. ನಾನು ಕ್ಲಬ್ಬಿನ ಮೈದಾನ ನೋಡ್ಕೊಳ್ಳೋ ಆಳು.”

“ಹೋದ್ವಾರ ಆ ದೊರೆಗಳ ಸ್ಟಂಪು ಎಗರಿಸಿದ್ಯಾರು?”

“ಮೆಲ್ಲಗೆ ಮಾತಾಡೇ! ಥೂ, ಈ ಟ್ರಾಂ ಎಲ್ಲಿ ಸತ್ತೋಯ್ತು?”

“ಹಡಗೇನು ನಿನ್ನ ಬಿಟ್ಟು ಓಡೋಗಲ್ಲ.”

“ಓಡೋಗುತ್ತೆ. ನನ್ನ ಜಾಗಕ್ಕೆ ಇನ್ನೊಬ್ಬನ್ನ ಹತ್ತಿಸ್ಕೊಳ್ಳೋಕೆ ಅವ್ರಿಗೆಷ್ಟೊತ್ತು?”

“ಅವ್ರ ಅಂಗಿ ಒಗೆಯೋಳು ನಾನು. ಅದಲುಬದಲಾಗ್ದೆ ಇರ್ಲಿ ಅಂತ ಕಾಲರಿನೊಳಗೆ ಒಬ್ಬೊಬ್ರ ಹೆಸರೂ ಕೆಂಪು ದಾರದಲ್ಲಿ ಹೊಲಿಯೋಳೂ ನಾನೇ. ನಿಂದಕ್ಕೂ ಹೊಲ್ದಿವ್ನಿ.”

“ಏನಂತ?”

“ಮಿಸ್ಟರ್ ಬ್ಯಾಸ್ಕಮ್ ಅಂತ.”

“ಅಯ್ಯೋ ಕೆಟೂರಾ! ಯಾರಾದ್ರೂ ನೋಡಿದ್ರೆ ಹಡಗು ತುಂಬಾ ನಗ್ತಾರೆ. ಬಿಚ್ಚು, ಈಗ್ಲೇ ಬಿಚ್ಚು!”

“ಬಿಚ್ಚಲ್ಲ.”

ಅವನು ಪೆಟ್ಟಿಗೆ ತೆರೆದು ಬಿಳಿ ಅಂಗಿಯನ್ನು ಹೊರಗೆಳೆದ. ಉಗುರಿನಿಂದ ಕೆರೆದು ನೋಡಿದ, ಹೊಲಿಗೆ ಜಗ್ಗಲಿಲ್ಲ. ಅತ್ತಿತ್ತ ನೋಡಿ ಡ್ರೂಸಿಲಾಳ ಕಡೆ ತಿರುಗಿದ.

“ಅಕ್ಕಾ, ನಿನ್ ಚಾಕು ಒಂಚೂರು ಕೊಡ್ತೀಯಾ?”

“ಮೊಂಡಾಗೋಗಿದೆ ಕಣಪ್ಪ, ದಾರಾನೂ ಕೊಯ್ಯಲ್ಲ,” ಎಂದಳು ಡ್ರೂಸಿಲಾ.

ಅಷ್ಟರಲ್ಲಿ ಹೇಸರಗತ್ತೆಗಳು ಟ್ರಾಂ ಎಳೆದುಕೊಂಡು ಬಂದವು. ಅಂಗಿಯನ್ನು ಪೆಟ್ಟಿಗೆಗೆ ತುರುಕಿ ಅವನು ಹತ್ತಿದ, ಹಿಂದೆಯೇ ಅವಳು. ಟ್ರಾಂ ತಿರುವು ದಾಟಿದ ಮೇಲೆ ಡ್ರೂಸಿಲಾ ಮುಂದಿನ ಮೀನನ್ನೆತ್ತಿಕೊಂಡು ಅದೇ ಚಾಕುವಿನ ಒಂದೇ ಎಳೆತಕ್ಕೆ ಸೀಳಿದಳು.