ಯಾರೂ ಮುಟ್ಟದ ವಿಷಯ

ಆ ದೀಪ ಆರಿಸಬೇಡಿ, ಇರಲಿ. ನಗೋದಿದ್ರೆ ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಕಿಸಿಕಿಸಿ ಅಂದ್ರೆ ನಾನು ಎದ್ದು ಹೋಗ್ತೀನಿ. ಇದು ಯಾರೋ ಯಾರಿಗೋ ಹೇಳಿದ ಕತೆ ಅಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಆಗಿದ್ದು, ಜೊತೆಗೆ ನಾನೂ ಇದ್ದೆ.

ಔಷಧಿ ಅಂಗಡಿ ಬಾಗಿಲು ಹಾಕಿ ನಾನು ಹೊರಡೋ ಹೊತ್ತಿಗೆ ಅವಳು ಲೈಬ್ರರಿಯಿಂದ ಬರ್ತಿದ್ಲು. ಇಬ್ಬರೂ ನಡ್ಕೊಂಡು ಮನೆಗೆ. ತಿರುವಿನಲ್ಲಿ ಒಂದು ಹಾಳು ಬಾವಿ, ಅದಕ್ಕೆ ಕಬ್ಬಿಣದ ಮುಚ್ಚಳ. ಅಲ್ಲಿಗೆ ಬರೋಷ್ಟರಲ್ಲಿ ಅವಳ ಗೋಳು ಶುರುವಾಗಿರೋದು. ಇತಿಹಾಸದಲ್ಲಿ ಪಿಎಚ್‌ಡಿ ಸೀಟು ಸಿಕ್ಕಿತ್ತು, ವಿಷಯ ಸಿಕ್ಕಿರಲಿಲ್ಲ. ಸೋಮವಾರದೊಳಗೆ ವಿಷಯ ಕೊಡದಿದ್ರೆ ಸೀಟು ಇನ್ನೊಬ್ಬರಿಗೆ ಅಂತ ಗೈಡ್ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ರು. "ಯಾರೂ ಮುಟ್ಟದ ವಿಷಯ ತಗೊಂಡು ಬಾ." ಅವರದು ಅದೊಂದೇ ಪಲ್ಲವಿ.

ಇವಳೇನೂ ಕೈಕಟ್ಟಿ ಕೂತಿರಲಿಲ್ಲ. ಹಳೇ ಸೂಲಗಿತ್ತಿಯರ ಬಗ್ಗೆ ಬರೀತೀನಿ ಅಂತ ಒಂದು ರಾತ್ರಿ ಆ ಬಾವಿ ದಾಟುವಾಗ ನನಗೆ ಹೇಳಿದ್ಲು. ಬೆಳಿಗ್ಗೆ ಒಬ್ಬ ಅಜ್ಜಿ ಮನೆಗೆ ಹೋದ್ರೆ, "ನಿನ್ನೆ ರಾತ್ರಿ ತಾನೇ ಒಬ್ಬಳು ಬಂದು ಇದನ್ನೇ ಕೇಳ್ಕೊಂಡು ಹೋದ್ಲಲ್ಲಮ್ಮ" ಅಂದ್ರಂತೆ. ಸರಿ, ಯಾರೋ ಆಗಲೇ ಹಿಡಿದ ವಿಷಯ ಅಂತ ಬಿಟ್ಲು. ಆಮೇಲೆ ಪ್ರೆಸ್ಸಲ್ಲಿ ಅಚ್ಚುಮೊಳೆ ಜೋಡಿಸ್ತಿದ್ದವರ ವಿಷಯ. ಅಲ್ಲೂ ಅದೇ ಉತ್ತರ. ರಾತ್ರಿ ಒಬ್ಬಳು ಬಂದಿದ್ಲು... ಬಾಗಿಲಾಚೆಯೇ ನಿಂತು ಕೇಳಿ ಹೋದ್ಲು.

ಆವತ್ತಿಂದ ಅವಳು ನನ್ನನ್ನ ನೋಡೋ ರೀತಿನೇ ಬೇರೆ ಆಯ್ತು.

"ಅಕ್ಕಾ, ಮೇಡಂಗೂ ನಾನು ಹೇಳಿರಲಿಲ್ಲ. ನಿನಗೊಬ್ಬಳಿಗೇ ಹೇಳಿದ್ದು."

"ಅಂದ್ರೆ?"

"ಏನಿಲ್ಲ."

ಏನಿಲ್ಲವಂತೆ! ನನಗೆ ಮೈಯೆಲ್ಲ ಉರಿದುಹೋಯ್ತು. ದಿನವಿಡೀ ನಿಂತು ಕೆಮ್ಮಿನ ಸಿರಪ್ ಕೊಡೋ ನನಗೆ ಸೂಲಗಿತ್ತಿಯರ ಇತಿಹಾಸ ಕದ್ದು ಏನಾಗಬೇಕು, ನೀವೇ ಹೇಳಿ.

ಶನಿವಾರ ರಾತ್ರಿ. ಬಾವಿ ಹತ್ತಿರ ಬಂದಾಗ ಅವಳು ನಿಂತ್ಲು. ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ್ಲು.

"ಹೊಸ ವಿಷಯ ಸಿಕ್ತು. ಬಾಟಲಿ ಕಾರ್ಖಾನೆ ಬೆಂಕಿ."

"ಯಾವ ಬೆಂಕಿ?"

"ಮುಚ್ಚಿಹೋಗಿದೆಯಲ್ಲ, ಆ ಕಾರ್ಖಾನೆ. ರಾತ್ರಿ ಪಾಳಿ ಹುಡುಗಿಯರು ಒಳಗಿದ್ರು. ಬಾಗಿಲಿಗೆ ಹೊರಗಿಂದ ಬೀಗ."

ನಾನು ಬಾಯಿ ತೆಗೆಯೋಷ್ಟರಲ್ಲಿ... ಕರ್ರ್... ಕರ್ರ್... ತಳ ಹಿಡಿದ ಪಾತ್ರೆಯನ್ನ ಚಮಚದಲ್ಲಿ ಕೆರೆದ ಹಾಗೆ. ಮುಚ್ಚಳದ ಕೆಳಗಿಂದ. ನಾವು ಉಸಿರು ಬಿಗಿಹಿಡಿದ್ವಿ. ಅದೂ ನಿಂತಿತು.

"ಇಲಿ ಕಣೇ," ಅಂದೆ.

"ಬಾವಿ ಒಳಗಾ?"

ಕರ್ರ್... ಅವಳ ಆ ಮಾತನ್ನೂ ಬರ್ಕೊಳ್ಳೋ ಹಾಗೆ ಕೆರೀತು. ಇಬ್ಬರೂ ಎದ್ದೆವೋ ಬಿದ್ದೆವೋ ಅಂತ ಓಡಿದ್ವಿ. ಆ ರಾತ್ರಿ ಅವಳು ನನ್ನ ಪಕ್ಕದಲ್ಲೇ ಮಲಗಿದ್ಲು. ನಾನು ಫೋನ್ ಮುಟ್ಟಲಿಲ್ಲ, ಹೊರಗೆ ಹೋಗಲಿಲ್ಲ, ಯಾರ ಹತ್ತಿರವೂ ತುಟಿ ಎರಡು ಮಾಡಲಿಲ್ಲ.

ಬೆಳಿಗ್ಗೆ, "ನೀನೂ ಬಾ ಅಕ್ಕಾ, ಕಾರ್ಖಾನೆ ವಾಚ್‌ಮನ್ ತಾತನ್ನ ಕೇಳೋಣ" ಅಂದ್ಲು. ಆ ದನಿ ನನಗೆ ಹಿಡಿಸಲಿಲ್ಲ. ಆದ್ರೂ ಹೋದೆ.

ತಾತ ಕಾರ್ಖಾನೆ ಗೇಟಿನ ಪಕ್ಕದ ಕೋಣೆಯಲ್ಲೇ ಇದ್ರು. ಬಾಗಿಲು ತೆಗೆದಾಗ ಕಣ್ಣು ಕೆಂಪಗಿತ್ತು. ಇವಳು ರೆಕಾರ್ಡರ್ ಹಾಕಿ, ಬೆಂಕಿ ಅಂದಿದ್ದೇ ತಡ...

"ಮತ್ತೆ ಅದೇನಾ? ರಾತ್ರಿ ಬಂದವಳಿಗೆ ಎಲ್ಲ ಹೇಳಿದೆನಲ್ಲಮ್ಮ."

ಅವಳು ತಿರುಗಿ ನನ್ನನ್ನ ನೋಡಿದ್ಲು. ಆ ನೋಟ ಇವತ್ತಿಗೂ ಚುಚ್ಚುತ್ತೆ.

"ಮೊದಲು ನನಗೇನೂ ಗೊತ್ತಿಲ್ಲ ಅಂದೆ," ತಾತ ಪಿಸುಮಾತಲ್ಲಿ ಹೇಳಿದ್ರು. "ಒಳಗೆ ಬಾ ಅಂದ್ರೂ ಬರಲಿಲ್ಲ. ಬೀಗದ ಕೈ ನಿನ್ನ ಹತ್ರಾನೇ ಇತ್ತಲ್ಲ ಅಂದ್ಲು... ಆಮೇಲೆ ನೆನಪಾಯ್ತು. ಹೌದು, ಇತ್ತು. ನನ್ನ ಜೇಬಲ್ಲೇ ಇತ್ತು. ಹುಡುಗಿಯರು ದಬದಬ ಬಾಗಿಲು ಬಡೀತಿದ್ರು. ನಾನು ನಿದ್ದೆ ಹೊಡೀತಿದ್ದೆ."

ಗೊಳೋ ಅಂತ ಅತ್ತುಬಿಟ್ರು. ಇವಳ ಮುಖ ಬಿಳಿಚಿಕೊಂಡಿತು. ಅವರ ಎರಡೂ ಕೈ ಹಿಡ್ಕೊಂಡ್ಲು.

"ತಾತ, ಕೇಳಿ. ಆ ಬೆಂಕಿ ಬಿದ್ದೇ ಇಲ್ಲ! ಕಾರ್ಖಾನೆ ನಷ್ಟ ಆಗಿ ಮುಚ್ಚಿದ್ದು. ಯಾರೂ ಸತ್ತಿಲ್ಲ. ನಮ್ಮಕ್ಕನ್ನ ಪರೀಕ್ಷೆ ಮಾಡೋಕೆ ನಾನೇ ಕಟ್ಟಿದ ಸುಳ್ಳು ಅದು."

ನನಗೂ ಆಗಲೇ ಗೊತ್ತಾಗಿದ್ದು. ತಾತ ಅವಳ ತಲೆ ಸವರಿದ್ರು.

"ನನ್ನ ಸಮಾಧಾನಕ್ಕೆ ಹೇಳ್ತೀಯ. ಒಳ್ಳೇ ಹುಡುಗಿ ನೀನು."

ಸೋಮವಾರ ಮೇಡಂ ಆ ರೆಕಾರ್ಡಿಂಗ್ ಕೇಳಿ ಕುರ್ಚಿಯಿಂದ ಎದ್ದೇಬಿಟ್ರಂತೆ. "ಇದೇ! ಯಾರೂ ಮುಟ್ಟಿಲ್ಲ ಇದನ್ನ!"

"ನಡೆದೇ ಇಲ್ಲ ಮೇಡಂ, ಅದಕ್ಕೇ."

"ಸಾಕ್ಷಿ ಇದ್ದಾರಲ್ಲ? ಇವತ್ತೇ ಸಹಿ ಹಾಕ್ತೀನಿ."

ಇವಳು ಅವರೆದುರೇ ಅದನ್ನ ಅಳಿಸಿಹಾಕಿದ್ಲು. ಸೀಟು ಹೋಯ್ತು. ರಾತ್ರಿ ಅಂಗಡಿಗೆ ಬಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ಲು. "ಅಕ್ಕಾ, ನಿನ್ನ ಮೇಲೆ ಅನುಮಾನ ಪಟ್ಟು ಆ ತಾತನ್ನ ಕೊಂದೆ." ನಾನು ಬೈದೆ, ಅತ್ತೆ, ಇನ್ನೇನು ಮಾಡ್ಲಿ? ಹಳೇ ಪೇಪರ್‌ಗಳನ್ನೆಲ್ಲ ಹುಡುಕಿ ತಂದು ತಾತನಿಗೆ ತೋರಿಸಿದ್ವಿ, ಎಲ್ಲೂ ಬೆಂಕಿ ಸುದ್ದಿ ಇಲ್ಲ ಅಂತ. "ಮುಚ್ಚಿಹಾಕಿದ್ದಾರೆ" ಅಂದ್ರು.

ಈಗಲೂ ತಾತ ನಮ್ಮ ಅಂಗಡಿಗೆ ಬರ್ತಾರೆ. ಸುಟ್ಟ ಗಾಯದ ಮುಲಾಮು ಕೇಳ್ತಾರೆ. ಯಾರಿಗೆ ತಾತ ಅಂದ್ರೆ, "ಹುಡುಗಿಯರಿಗೆ" ಅಂತಾರೆ. ಅವರ ಕೈಕಾಲು ನಾನೇ ನೋಡಿದ್ದೀನಿ, ಒಂದು ಬೊಬ್ಬೆಯೂ ಇಲ್ಲ. ಆ ಕೋಣೆಯಲ್ಲಿ ಅವರೊಬ್ಬರೇ ಇರೋದು. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು, ನಾನಂತೂ ಒಂದಕ್ಷರ ಸೇರಿಸಿಲ್ಲ. ಪ್ರತಿಸಲ ಬಂದಾಗಲೂ ಹಳೇ ಟ್ಯೂಬುಗಳನ್ನ ಕೌಂಟರ್ ಮೇಲೆ ಇಡ್ತಾರೆ. ಎಲ್ಲವೂ ಕೊನೇವರೆಗೂ ಹಿಂಡಿ ಖಾಲಿ ಆಗಿರ್ತಾವೆ.