ಕೇಳದೆ ಕೊಟ್ಟ ಮಾತ್ರೆ

೧೯೮೭ರ ಚಳಿಗಾಲ. ಜಪಾನಿನ ಕೋಬೆಯ ಆಸ್ಪತ್ರೆಯೊಂದರ ಔಷಧಿ ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ಅಕ್ಕತಂಗಿಯರಿಬ್ಬರು ನಿಂತಿದ್ದರು.

“ಹೊಸ ಮಾತ್ರೆನ ನನ್ನ ಮೇಲೆ ಪರೀಕ್ಷೆ ಮಾಡ್ತಿದಾರಂತೆ ಕಿನು. ನರ್ಸ್ ಬಾಯಿತಪ್ಪಿ ಹೇಳಿದ್ಳು.”

“ಸುಮ್ನಿರಕ್ಕ. ಡಾಕ್ಟರು ತಿಳಿದೋರು.”

“ತಿಳಿದೋರು ನನ್ನನ್ನೊಂದು ಮಾತು ಕೇಳ್ಬೇಕಿತ್ತು. ನಲವತ್ತು ವರ್ಷ ತೋಫು ಮಾರಿದೀನಿ, ನಿನ್ನೇದನ್ನ ಇವತ್ತಿಂದು ಅಂತ ಯಾರಿಗೂ ಕೊಟ್ಟಿಲ್ಲ.”

“ಹಾಗಂತ ಅವರ ಮುಖಕ್ಕೇ ಹೇಳ್ತೀಯಾ?”

“ಹೇಳಾಯ್ತು. ನನಗೇನು ಕಾಯಿಲೆ ಅಂತಾನೂ ಕೇಳಿಬಿಟ್ಟೆ.”

“ಏನಂದ್ರು?”

“ಕ್ಯಾನ್ಸರ್. ನನಗೆ ಮುಚ್ಚಿಟ್ಟು ನಿನಗೆ ಮೊದಲೇ ಹೇಳಿದ್ರು, ಅಲ್ವಾ?”

ತಂಗಿ ತಲೆ ತಗ್ಗಿಸಿದರು.

“ಅಳ್ಬೇಡ. ಔಷಧಿ ಬೇಕೋ ಬೇಡ್ವೋ ಅಂತ ಇನ್ಮೇಲೆ ನಾನೇ ಹೇಳ್ತೀನಿ.”

ಕಿಟಕಿಯಲ್ಲಿ ಸುಗಿಯಾಮ ತೊಯೊ ಎಂದು ಅಕ್ಕನ ಹೆಸರು ಕೂಗಿದರು. ಅಕ್ಕ ಮುಂದೆ ಹೋದರು.

“ಇದರಲ್ಲೇನಿದೆ ಅಂತ ಬರೆದಿಡಿ. ನಾಳೆ ಬಂದು ಓದಿ, ತಗೊಳ್ತೀನೋ ಇಲ್ವೋ ಹೇಳ್ತೀನಿ” ಎಂದು ಪೊಟ್ಟಣವನ್ನು ಹಿಂದಕ್ಕೆ ತಳ್ಳಿ, ತಂಗಿಯ ತೋಳು ಹಿಡಿದು ಹೊರಟುಹೋದರು.